ಗುಂಡು ತಿಂದ ಮನೆತನ

ನಮ್ಮ ಸವಾಕಿ ಕೋಟೆಪೇಟೆಯಲ್ಲಿ ಯುದ್ಧ ನಿಂತು ಹತ್ತಿರ ಹತ್ತಿರ ಇನ್ನೂರು ವರ್ಷವಾಗಿತ್ತು. ಯುದ್ಧದ ಮಾತು ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಸಮುರಾಯಿಗಳ ಬೀದಿಯಲ್ಲಿ ಯಾರ ಮನೆಗೆ ಹೋದರೂ ಮೊದಲು ಚಹಾ ಬರುತ್ತಿತ್ತು. ಚಹಾ ಆರುವುದರೊಳಗೆ ಆ ಮನೆಯ ಮೂಲಪುರುಷ ಬರುತ್ತಿದ್ದ. ಬಂದವನು ನಾಲ್ಕು ರುಂಡ ಚೆಂಡಾಡದೆ ಹೋಗುತ್ತಿರಲಿಲ್ಲ. ನಾನು ಆ ಬೀದಿಯ ವೈದ್ಯ. ಆ ವೀರವಂಶಗಳ ನಾಡಿಯನ್ನೆಲ್ಲ ಹಿಡಿದು ನೋಡಿದವನು. ಕೂತು ಕೂತು ಬಂದ ಮೂಲವ್ಯಾಧಿ, ತಿಂದು ತಿಂದು ಬಂದ ಹೊಟ್ಟೆಯುಬ್ಬರ, ಇವೆರಡಕ್ಕೇ ಮದ್ದು ಅರೆದು ನನ್ನ ಅಂಗೈ ಸವೆದಿದೆ. ಕತ್ತಿಯ ಗಾಯ ಅಂತ ಒಮ್ಮೆ ಮಾತ್ರ ಒಬ್ಬರು ಬಂದಿದ್ದರು. ಮೂಲಂಗಿ ಹೆಚ್ಚುವಾಗ ಆದದ್ದು.

ಪ್ರತಿ ಮನೆಯಲ್ಲೂ ಒಂದು ಕವಚ, ಪ್ರತಿ ಕವಚದ ಎದೆಯ ಮೇಲೂ ಒಂದು ತಗ್ಗು. ಅದು ಗುಂಡಿನ ಗುರುತು. ಮಡಕೆ ಮಾರುವವನು 'ಗಟ್ಟಿ ಇದೆ ನೋಡಿ' ಅಂತ ಬೆರಳಲ್ಲಿ ತಟ್ಟಿ ತೋರಿಸುತ್ತಾನಲ್ಲ, ಹಾಗೆ ಹಿಂದಿನವರ ಕಾಲದ ಕಮ್ಮಾರ ಕವಚ ಮಾರುವ ಮುಂಚೆ ಅದಕ್ಕೆ ಕೋವಿಯಿಂದ ಒಂದು ಗುಂಡು ಹೊಡೆದು ತೋರಿಸುತ್ತಿದ್ದ. ಕೊಂಡವನು ತಗ್ಗನ್ನು ಸವರಿ ನೋಡಿ, ತೂತಾಗಿಲ್ಲ ಅಂತ ಸಮಾಧಾನಪಟ್ಟು ಹೊತ್ತುಕೊಂಡು ಹೋಗುತ್ತಿದ್ದ. ವಿಷಯ ಇಷ್ಟೇ. ಇದು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಯಾರೂ ಬಾಯಿಬಿಡುತ್ತಿರಲಿಲ್ಲ. ಅಂಗಡಿಯಲ್ಲಿ ಬಿದ್ದ ಗುಂಡು ಎರಡು ತಲೆಮಾರು ಕಳೆಯುವುದರೊಳಗೆ ರಣರಂಗದಲ್ಲಿ ಬಿದ್ದ ಗುಂಡಾಗಿ, ಮೂರನೆಯ ತಲೆಮಾರಿಗೆ ಮೂಲಪುರುಷ ಅದನ್ನು ನಗುನಗುತ್ತಾ ಎದೆಗೊಟ್ಟು ತಡೆದದ್ದಾಗಿತ್ತು.

ನನ್ನ ಪಕ್ಕದ ಮನೆಯ ಮಿಕುರಿಯಾ ತೊಮೊಹೆಯದೂ ಅಂಥದೇ ಒಂದು ಮನೆತನ. ಕೋಟೆಯ ಉಪ್ಪಿನ ಉಗ್ರಾಣ ಕಾಯುವುದು ಅವನ ಹುದ್ದೆ. ಉಪ್ಪನ್ನು ಯಾರೂ ಕದಿಯುವುದಿಲ್ಲ, ಅದು ತಾನಾಗಿ ಓಡಿಹೋಗುವುದೂ ಇಲ್ಲ. ಆದರೂ ಅವನು ಸೊಂಟಕ್ಕೆ ಎರಡು ಕತ್ತಿ ಸಿಕ್ಕಿಸಿಕೊಂಡು ಮೂಟೆಗಳ ಎದುರು ದಿನವಿಡೀ ಹುಬ್ಬು ಗಂಟಿಕ್ಕಿ ಕೂರುತ್ತಿದ್ದ. ಮನುಷ್ಯ ಕೆಟ್ಟವನಲ್ಲ. ಏನನ್ನೇ ಆಗಲಿ ತಪ್ಪು ಮಾಡಿಯೇ ತಿಳಿದುಕೊಳ್ಳುವ ಜಾತಿ; ಅದರಲ್ಲೂ ಅರ್ಧದಷ್ಟು ತಿಳಿಯುತ್ತಲೂ ಇರಲಿಲ್ಲ.

ಹೊಸ ವರ್ಷದಲ್ಲಿ ನಮ್ಮಲ್ಲಿ ಕವಚದ ಹಬ್ಬ. ಕವಚವನ್ನು ಪೆಟ್ಟಿಗೆಯಿಂದ ತೆಗೆದು, ಧೂಳು ಹೊಡೆದು ಕೂರಿಸಿ, ಅದರ ಮುಂದೆ ಮೊಚಿ, ಅಂದರೆ ಅಕ್ಕಿ ಬೇಯಿಸಿ ಕುಟ್ಟಿ ಮಾಡಿದ ಉಂಡೆ, ಇಡುತ್ತಾರೆ. ಆಮೇಲೆ ಒಣಗಿ ಕಲ್ಲಾದ ಆ ಮೊಚಿಯನ್ನು ಒಡೆದು, ಕೆಂಪು ಕಾಳಿನ ಪಾಯಸಕ್ಕೆ ಹಾಕಿ ತಿನ್ನುತ್ತಾರೆ. ಆ ವರ್ಷ ಮಿಕುರಿಯಾನ ಮನೆಗೆ ನಾನೂ ಹೋಗಿದ್ದೆ, ಎದುರು ಮನೆಯ ಹಾಜಾಮಾ ಶುಜೆನ್ನೂ ಬಂದಿದ್ದ. ಹಾಜಾಮಾ ಹಿಂದಿನ ವರ್ಷ ಕ್ಯೋತೊಗೆ ಹೋದವನು, ಬರುವಾಗ ಒಂದಿಷ್ಟು ಪೂರ್ವಜರನ್ನು ಕೊಂಡುಕೊಂಡು ಬಂದಿದ್ದ. ಅಂದರೆ ಒಂದು ಬಹಳ ಹಳೆಯ ಕವಚ ಕೊಂಡು, ಅದನ್ನು ತೊಟ್ಟವರೆಲ್ಲ ತನ್ನ ಅಜ್ಜಂದಿರೇ ಅಂತ ಊರಿಗೆ ಸಾರಿದ್ದ.

"ಆರು ನೂರು ವರ್ಷದ್ದು ರೀ," ಅಂದ ಹಾಜಾಮಾ, ಪಾಯಸ ಹೀರುತ್ತಾ. "ನಮ್ಮೋರು ಕುದುರೆ ಮೇಲೆ ಕೂತು ಬಾಣ ಬಿಡ್ತಿದ್ದ ಕಾಲದ್ದು. ಮೈಗೆಲ್ಲ ಪೆಟ್ಟಿಗೆ ಥರ ಕೂರುತ್ತೆ. ಭುಜದ ಎರಡೂ ಕಡೆ ಬಾಗಿಲಿನಷ್ಟಗಲ ಹಲಗೆ. ಎರಡು ಕೈಯೂ ಬಿಲ್ಲಿಗೇ ಬೇಕಲ್ಲ, ಗುರಾಣಿ ಹಿಡಿಯೋರು ಯಾರು? ಸಣ್ಣ ಸಣ್ಣ ಬಿಲ್ಲೆ, ಅಷ್ಟನ್ನೂ ರೇಷ್ಮೆ ದಾರದಲ್ಲಿ ಹೆಣೆದಿದ್ದಾರೆ." ಆಮೇಲೆ ಮಿಕುರಿಯಾನ ಕವಚದ ಕಡೆ ಒಂದು ಕರುಣೆಯ ನೋಟ ಎಸೆದ. "ಈ ತಗಡಿನ ಎದೆಗಟ್ಟೆಲ್ಲ ನಿನ್ನೆ ಮೊನ್ನೆಯವು ಬಿಡಿ. ನೆಲದ ಮೇಲೆ ಓಡಾಡೋ ಕಾಲಾಳುಗಳಿಗೆ ಅಂತ ಮಾಡಿದ್ದು."

ಕಾಲಾಳು ಅನ್ನುವ ಮಾತು ಮಿಕುರಿಯಾನಿಗೆ ಗುಂಡಿಗಿಂತ ಜೋರಾಗಿ ತಗುಲಿತು. ಹೊಟ್ಟೆಯಲ್ಲಿ ಅಕ್ಕಿಯ ಹೆಂಡ, ಸಾಕೆ, ಬೇರೆ ಇತ್ತು.

"ನಮ್ಮದೂ ಆರು ನೂರು ವರ್ಷದ್ದೇ!" ಅಂದುಬಿಟ್ಟ.

"ಹೌದಾ? ಮತ್ತೆ ಎದೆ ಮೇಲೆ ಗುಂಡಿನ ಗುರುತಿದೆಯಲ್ಲ?"

"ಇದ್ದೇ ಇದೆ! ನಮ್ಮ ಮೂಲಪುರುಷರು ತಿಂದ ಗುಂಡು!"

"ಆರು ನೂರು ವರ್ಷದ ಹಿಂದೆ ಈ ದೇಶದಲ್ಲಿ ಕೋವಿ ಎಲ್ಲಿತ್ತು ಮಾರಾಯ್ರೇ? ಗಡ್ಡದ ಪರದೇಶಿಗಳು ಹಡಗಿನಲ್ಲಿ ತಂದು ಇನ್ನೂ ಮುನ್ನೂರು ವರ್ಷ ಆಗಿಲ್ಲ."

ಮಿಕುರಿಯಾನ ಹೆಂಡತಿ ಒಸೆಕಿ ಬಾಗಿಲ ಬಳಿ ಸೌಟು ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಳು. ಗಂಡ ಬಾಯಿ ತೆರೆಯುವುದನ್ನು ನೋಡಿದರೆ ಅವಳು ಹಾಗೆ ಮಾಡುವುದು ರೂಢಿ.

ಮಿಕುರಿಯಾ ಒಂದು ಗಳಿಗೆ ಯೋಚಿಸಿದ. ಆಮೇಲೆ ಮುಖ ಅರಳಿತು.

"ಅದಕ್ಕೇ ಗುಂಡು ಒಳಗೆ ಹೋಗಲಿಲ್ಲ!" ಅಂದ.

ಈ ಮಾತು ಸಂಜೆಯೊಳಗೆ ಪೇಟೆಯನ್ನೆಲ್ಲ ಸುತ್ತಿತು. ಸ್ನಾನದ ಮನೆಯಲ್ಲಿ ಜನ ಬಿಸಿನೀರಿನಲ್ಲಿ ಮುಳುಗಿಕೊಂಡು ನಕ್ಕರು. ಆದರೆ ಮಾತು ಏಣಿ ಹತ್ತಿದಂತೆ ಅದರ ಬಣ್ಣ ಬದಲಾಗುತ್ತದೆ. ದೊಡ್ಡ ಮಂತ್ರಿ ಇರಿಯಾಮಾ ಅವರ ಕಿವಿಗೆ ಮುಟ್ಟುವಾಗ ಅದು ನಗೆಚಾಟಿಕೆಯಾಗಿ ಉಳಿದಿರಲಿಲ್ಲ, ಸುದ್ದಿಯಾಗಿತ್ತು. ಇರಿಯಾಮಾ ಅವರಿಗೆ ಹಳೆಯದು ಅಂದರೆ ಪ್ರಾಣ. ದೇಶ ಆಳುವವರಿರುವ ಎದೋ ಪಟ್ಟಣದ ದೊಡ್ಡವರೆಲ್ಲ ಈಗ ಹಳೇ ಕಾಲದ ಕವಚದ ಹುಚ್ಚು ಹತ್ತಿಸಿಕೊಂಡಿದ್ದಾರೆ ಅಂತ ತಿಳಿದಾಗಿನಿಂದ ಅವರು ಹೊಸ ಟೋಪಿಯನ್ನೂ ಮಣ್ಣಲ್ಲಿ ಹೂತು ತೆಗೆದು ಹಾಕಿಕೊಳ್ಳುತ್ತಿದ್ದರಂತೆ. ಮಿಕುರಿಯಾನನ್ನು ಕರೆಸಿದರು. ಅವರ ಸಂಧಿವಾತಕ್ಕೆ ಎಣ್ಣೆ ತಿಕ್ಕಲು ನಾನೂ ಅಲ್ಲೇ ಇದ್ದೆ.

"ಏನಯ್ಯಾ, ಕೋವಿ ಹುಟ್ಟೋ ಮೊದಲೇ ಗುಂಡು ತಡೆದ ಕವಚ ನಿನ್ನ ಹತ್ರ ಇದೆಯಂತೆ?"

"ಹಾಗಂತಾರೆ ಒಡೆಯರೇ."

"ಯಾರಂತಾರೆ?"

"ನಾನೇ."

"ಭೇಷ್!" ಇರಿಯಾಮಾ ನನ್ನ ಕೈಯಿಂದ ಕಾಲು ಕಿತ್ತುಕೊಂಡು ಎದ್ದು ಕೂತರು. "ಎಂಥಾ ದೂರದೃಷ್ಟಿ! ಪೂರ್ವಜರು ಅಂದ್ರೆ ಹಾಗಿರಬೇಕು. ಮುಂದೆ ಬರೋ ಗುಂಡಿಗೆ ಇವತ್ತೇ ಎದೆ ಕೊಟ್ಟು ನಿಂತಿದ್ರು ನೋಡು. ಚೆರ್ರಿ ಹೂ ಬಿಡೋ ಹೊತ್ತಿಗೆ ಪ್ರಭುಗಳು ಎದೋದಿಂದ ಬರ್ತಾರೆ. ನದೀ ದಂಡೇಲಿ ಕವಚದ ಪ್ರದರ್ಶನ. ನೀನು ಅದನ್ನ ತೊಟ್ಟು ಎಲ್ಲರಿಗಿಂತ ಮುಂದೆ ನಿಲ್ಲಬೇಕು." ಆಮೇಲೆ, ಇನ್ನೊಂದು ಲೋಟ ಚಹಾ ಕೇಳುವ ದನಿಯಲ್ಲೇ, "ಸುಳ್ಳು ಅಂತಾದ್ರೆ ಮಾತ್ರ ಸಂಪ್ರದಾಯದ ಪ್ರಕಾರ ನಿನ್ನ ಹೊಟ್ಟೆ ನೀನೇ ಸೀಳ್ಕೋಬೇಕಾಗುತ್ತೆ. ಗೊತ್ತಲ್ಲ?" ಅಂದರು.

ಮಿಕುರಿಯಾ ಅಲ್ಲಿಂದ ಸೀದಾ ಕಮ್ಮಾರ ಯಾಸೊಕಿಚಿಯ ಅಂಗಡಿಗೆ ಓಡಿದ. ಯಾಸೊಕಿಚಿಯ ವಂಶ ಒಂದು ಕಾಲದಲ್ಲಿ ಕವಚ ಮಾಡುತ್ತಿತ್ತು. ಈಗ ಬಾಣಲೆ, ಸೌಟು, ಬೀಗ ಮಾಡುತ್ತಿತ್ತು. ಹಳೇ ಕವಚದ ಹುಚ್ಚು ಎದ್ದಮೇಲೆ ಅವನ ಕಣ್ಣಿಗೆ ಹೊಸ ಹೊಳಪು ಬಂದಿತ್ತು. ಗಿರಾಕಿಯನ್ನು ಕಂಡೊಡನೆ ದರ್ಜಿ ಕೇಳಿದ ಹಾಗೆ ಕೇಳಿದ:

"ಯಾವ ಕಾಲದ್ದು ಬೇಕು ಸ್ವಾಮಿ?"

"ಆರು ನೂರು ವರ್ಷದ್ದು. ಚೆರ್ರಿ ಹೂವಿನ ಹೊತ್ತಿಗೆ."

"ಆಗಲಿ. ನಾನ್ನೂರು ವರ್ಷದ್ದಾದ್ರೆ ಇನ್ನೂ ಬೇಗ ಕೊಡ್ತಿದ್ದೆ. ಆ ಹೊತ್ತಿಗೆ ದೊಡ್ಡೋರು ಕುದುರೆ ಇಳಿದು ನಡೆಯೋಕೆ ಶುರುಮಾಡಿದ್ರು ನೋಡಿ, ಕವಚಾನೂ ಹೊಟ್ಟೆಗೆ ಸುತ್ತಿಕೊಳ್ಳೋ ಹಾಗಾಯ್ತು. ಮೊದಲು ಅದು ಆಳುಗಳ ಉಡುಪು, ಹಗುರ ಅಂತ ಯಜಮಾನ್ರೂ ತೊಟ್ಟರು. ನಿಮ್ಮ ಮೈಗೆ ಅದೇ ಒಪ್ಪುತ್ತೆ."

"ನನಗೆ ಆಳಿನದು ಬೇಡ!"

"ಸರಿ ಸರಿ. ಈಗ ನಿಮ್ಮದೇನಿದೆ? ಕೋವಿ ಬಂದಮೇಲಿನ ಕಬ್ಬಿಣದ ಎದೆಗಟ್ಟು. ಇದರ ಮೇಲೆ ಚಿತ್ರದ ತೊಗಲು ಹೊದಿಸೋಣ, ಸುತ್ತ ಪೆಟ್ಟಿಗೆ ಕಟ್ಟೋಣ, ಭುಜಕ್ಕೆ ಹಲಗೆ, ತಲೆಗೆ ಕೊಂಬು. ರೇಷ್ಮೆ ದಾರ ನೀವೇ ತರಬೇಕು."

"ಗುಂಡಿನ ತಗ್ಗು ಕಾಣಬೇಕಲ್ಲ?"

"ತೊಗಲಿಗೆ ಅಲ್ಲೊಂದು ಕಿಂಡಿ ಬಿಟ್ಟರಾಯ್ತು!"

ರೇಷ್ಮೆ ದಾರ ಎಲ್ಲಿಂದ ಬಂತು ಅನ್ನುವುದು ಒಸೆಕಿಗೆ ತನ್ನ ಮದುವೆಯ ನಡುಪಟ್ಟಿ ಹುಡುಕುವಾಗ ಗೊತ್ತಾಯಿತು. ಅವಳು ಗಂಡನಿಗೆ ಹೇಳಿದ ಮಾತು ಬೇಲಿ ದಾಟಿ ನನ್ನ ಮದ್ದಿನ ಅಂಗಳಕ್ಕೂ ಕೇಳಿಸಿತು.

"ಆರು ನೂರು ವರ್ಷ ಹಳೇ ಕವಚಕ್ಕೆ ನನ್ನ ಆರು ವರ್ಷದ ಪಟ್ಟಿ ಬೇಕಾಯ್ತೇನ್ರೀ? ನಿಮ್ಮಜ್ಜ ಏನು, ನನ್ನ ಮದುವೆ ಆಗೋವರೆಗೂ ಬರಿಮೈಲಿ ಯುದ್ಧ ಮಾಡ್ತಿದ್ರಾ?"

ಹಳೇ ಕಳೆ ಬರಲಿ ಅಂತ ಯಾಸೊಕಿಚಿ ಇಡೀ ಕವಚವನ್ನು ಸೋಯಾ ಗಸಿಯಲ್ಲಿ ಅದ್ದಿ, ಮೀನು ಸುಡುವ ಒಲೆಯ ಮೇಲೆ ನೇತುಹಾಕಿ ಹೊಗೆ ಹಾಕಿದ. ಕಳೆಯೇನೋ ಬಂತು. ಜೊತೆಗೆ ಸುಟ್ಟ ಮತ್ತಿ ಮೀನಿನ ವಾಸನೆಯೂ ಬಂತು. ಪ್ರದರ್ಶನದ ದಿನ ಮಿಕುರಿಯಾ ಕವಚ ತೊಟ್ಟು ಬೀದಿಗಿಳಿದಾಗ ಹಿಂದೆ ಸೈನ್ಯವಿರಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಪೇಟೆಯ ಬೆಕ್ಕುಗಳೆಲ್ಲ ಬಾಲ ನೆಟ್ಟಗೆ ಮಾಡಿಕೊಂಡು ಸಾಲಾಗಿ ನಡೆದವು.

ನದೀ ದಂಡೆಯಲ್ಲಿ ಡೇರೆ ಹಾಕಿದ್ದರು. ಮನೆಮಂದಿ ನೋಡಲೆಂದು ಹಗ್ಗ ಕಟ್ಟಿ ಜಾಗ ಬಿಟ್ಟಿದ್ದರು. ಹಾಜಾಮಾ ತನ್ನ ಕ್ಯೋತೊದ ಪೂರ್ವಜರನ್ನು ತೊಟ್ಟು ನಿಂತಿದ್ದ. ಮಿಕುರಿಯಾನ ಹೆಸರು ಹಬ್ಬಿದ್ದನ್ನು ಸಹಿಸಲಾಗದೆ ಅವನೂ ತನ್ನ ಕವಚಕ್ಕೆ ಗುಟ್ಟಾಗಿ ಒಂದು ತಗ್ಗು ಹೊಡೆಸಿಕೊಂಡಿದ್ದ. ಪ್ರಭುಗಳು ಚಿಕ್ಕ ವಯಸ್ಸಿನವರು. ಕಟ್ಟಳೆಯಂತೆ ಎದೋದಲ್ಲಿ ವರ್ಷವಿಡೀ ಕೂತು ಬೇಸರಪಟ್ಟು ಬಂದವರು. ಹಳೆಯದೆಲ್ಲವನ್ನೂ ಕಂಡು ಆಕಳಿಸಿದರು. ಮಿಕುರಿಯಾನ ಎದುರು ಬಂದಾಗ ಆಕಳಿಕೆ ಅರ್ಧಕ್ಕೆ ನಿಂತಿತು.

ಎಲ್ಲರೂ ಮೊಣಕಾಲೂರಿ ತಲೆ ನೆಲಕ್ಕೆ ಹಚ್ಚಿದ್ದರು. ಮಿಕುರಿಯಾನೂ ಬಗ್ಗಲು ನೋಡಿದ. ಕುದುರೆ ಮೇಲೆ ಕೂರುವವನಿಗಾಗಿ ಹುಟ್ಟಿದ ಪೆಟ್ಟಿಗೆ ಅದು. ಬಗ್ಗುವುದು ಅದರ ಜಾಯಮಾನದಲ್ಲೇ ಇಲ್ಲ. ಅಂಚು ತೊಡೆಗೆ ತಡೆಯಿತು, ಹಲಗೆಗಳು ಕಿವಿಗೆ ಬಡಿದವು. ಮನುಷ್ಯ ನೆಟ್ಟಗೆ ಕಂಬದಂತೆ ನಿಂತೇ ಇದ್ದ.

"ಇವನೊಬ್ಬ ಯಾಕೆ ಬಗ್ಗಲ್ಲ?" ಅಂದರು ಪ್ರಭುಗಳು.

ಇರಿಯಾಮಾ ತಲೆ ಎತ್ತದೆಯೇ ಮೂಲಪುರುಷನ ಕಥೆ ಹೇಳಿದರು. ಪ್ರಭುಗಳು ಕಿಂಡಿಯಲ್ಲಿ ಬೆರಳಿಟ್ಟು ತಗ್ಗನ್ನು ಮುಟ್ಟಿ ನೋಡಿದರು. ಅವರ ಕಣ್ಣಲ್ಲಿ ವರ್ಷದಲ್ಲೇ ಮೊದಲ ಸಲ ಜೀವ ಬಂದಂತೆ ಕಂಡಿತು.

"ಆರು ನೂರು ವರ್ಷದ ಕವಚ ಗುಂಡು ತಡೆಯುತ್ತಾ? ನೋಡೇಬಿಡೋಣ. ಕೋವಿ ತನ್ನಿ."

"ಕಂಬಕ್ಕೆ ಕಟ್ಟಿಸ್ತೀನಿ ಪ್ರಭು," ಅಂದರು ಇರಿಯಾಮಾ.

"ಕಂಬಕ್ಕೆ ಕಟ್ಟಿದ್ರೆ ಕಂಬದ ಧೈರ್ಯ ಗೊತ್ತಾಗುತ್ತೆ ಅಷ್ಟೇ. ಇವನು ಹೇಗೂ ಒಳಗೇ ಇದ್ದಾನಲ್ಲ. ಇರಲಿ."

ಕೋವಿಯವನು ಬಂದ. ಅವನ ವಂಶವೂ ಇನ್ನೂರು ವರ್ಷದಿಂದ ಕೋವಿಗೆ ಎಣ್ಣೆ ಹಚ್ಚಿತ್ತೇ ಹೊರತು ಹಾರಿಸಿರಲಿಲ್ಲ. ಬತ್ತಿ ಹೊತ್ತಿಸುವಾಗ ಅವನು ಕೋವಿಯ ಯಾವ ತುದಿ ಯಾರ ಕಡೆ ಇರಬೇಕು ಅಂತ ಒಮ್ಮೆ ತಿರುಗಿಸಿ ನೋಡಿದ್ದನ್ನು ನಾನು ಕಂಡೆ. ಮಿಕುರಿಯಾನಿಗೆ ಓಡಬೇಕೆನಿಸಿತ್ತೋ ಏನೋ, ಆದರೆ ಆ ಕವಚದಲ್ಲಿ ಓಡುವ ಏರ್ಪಾಡೂ ಇರಲಿಲ್ಲ. ಕೊಂಬಿನ ಕೆಳಗೆ ಅವನ ಮುಖ ಉಪ್ಪಿನ ಮೂಟೆಯಷ್ಟೇ ಬಿಳುಪಾಗಿತ್ತು. ಜನ, "ಏನು ಧೈರ್ಯ! ರೆಪ್ಪೇನೂ ಹೊಡೀತಿಲ್ಲ!" ಅಂದರು.

ಆಗ ಹಗ್ಗದ ಅಡಿಯಿಂದ ಒಸೆಕಿ ನುಗ್ಗಿ ಬಂದಳು. ಕೈಯಲ್ಲಿ ಗಂಡನ ಊಟದ ಡಬ್ಬಿ.

"ಹೊಡೀಬೇಡಿ ಪ್ರಭುಗಳೇ! ಆ ತಗ್ಗು ಯುದ್ಧದ್ದಲ್ಲ, ಅಂಗಡೀದು! ಮಾರೋನೇ ಹೊಡೆದು ಕೊಟ್ಟದ್ದು!"

"ಹೆಂಗಸನ್ನ ಆಚೆ ಎಳೀರಿ!" ಅಂತ ಇರಿಯಾಮಾ ಕೂಗಿದರು.

ಅಲ್ಲಿಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬ ಆಳು ಎಳೆದದ್ದಕ್ಕೆ ಡಬ್ಬಿ ಬಿದ್ದು ಅನ್ನ ಚೆಲ್ಲಿತು. ಬೆಳಗಿನಿಂದ ಮಾಡಿದ ಅಡುಗೆ ಬೆಕ್ಕುಗಳ ಪಾಲಾದದ್ದನ್ನು ಕಂಡು ಒಸೆಕಿಯ ತಲೆ ಕೆಟ್ಟಿತು.

"ನಮ್ಮದೊಂದೇ ಅಲ್ಲ, ಈ ದಂಡೇಲಿ ಇರೋ ಅಷ್ಟೂ ತಗ್ಗು ಅಂಗಡೀದೇ! ಹಾಜಾಮಾನೋರದ್ದು ಹೋದ ತಿಂಗಳದ್ದು! ದೊಡ್ಡ ಮಂತ್ರಿಗಳದ್ದೂ ಅಂಗಡೀದೇ! ಇಲ್ಲ ಅನ್ನೋರು ಎದುರಿಗೆ ಬಂದು ಹೇಳ್ಲಿ!"

ಇರಿಯಾಮಾ ಅವರ ಮನೆತನಕ್ಕೆ ಮಂತ್ರಿ ಪದವಿ ಬಂದದ್ದೇ ಆ ತಗ್ಗಿನಿಂದ. ಅವರ ಮೂಲಪುರುಷ ಆಗಿನ ಪ್ರಭುಗಳ ಮುಂದೆ ಅಡ್ಡ ನಿಂತು ಗುಂಡು ತಿಂದನಂತೆ.

"ನಮ್ಮದು ರಣರಂಗದ್ದು!" ಅಂತ ಅವರು ಚೀರಿದರು.

"ನಮ್ಮದೂ!" ಅಂದ ಹಾಜಾಮಾ.

"ನಮ್ಮದೂ!" "ನಮ್ಮದೂ ರಣರಂಗದ್ದೇ!" ದಂಡೆಯುದ್ದಕ್ಕೂ ಮಳೆಗಾಲದ ಕಪ್ಪೆಗಳಂತೆ ಒಬ್ಬರ ಹಿಂದೆ ಒಬ್ಬರು ವಟಗುಟ್ಟಿದರು.

ಪ್ರಭುಗಳು ಕೈಯೆತ್ತಿ ಕೋವಿಯನ್ನು ಇಳಿಸಿದರು. "ಸಂತೋಷ. ಇಷ್ಟೊಂದು ವೀರರ ಮಧ್ಯೆ ಇದ್ದೀನಿ ಅಂತ ನನಗೆ ಗೊತ್ತೇ ಇರಲಿಲ್ಲ. ಹಾಗಾದ್ರೆ ಈ ಬಡಪಾಯಿ ಒಬ್ಬನಿಗೆ ಯಾಕೆ ತೊಂದರೆ? ಬರೋ ಹುಣ್ಣಿಮೆಗೆ ಗುಂಡಿನ ಗುರುತಿರೋ ಕವಚದವರೆಲ್ಲ ತೊಟ್ಕೊಂಡು ಇಲ್ಲೇ ಸಾಲಾಗಿ ನಿಂತ್ಕೊಳ್ಳಿ. ಕೋವಿಯವರೂ ಬರ್ತಾರೆ. ಗುರುತಿಲ್ಲದವರು ಸುಮ್ಮನೆ ಪಕ್ಕದಲ್ಲಿ ನಿಂತು ನೋಡಬಹುದು."

ಮರುದಿನ ಬೆಳಕು ಹರಿದಾಗ ಯಾಸೊಕಿಚಿಯ ಅಂಗಡಿಯ ಮುಂದೆ ಸವಾಕಿಯ ಸಮಸ್ತ ಶೌರ್ಯವೂ ಸಾಲು ನಿಂತಿತ್ತು. ಒಬ್ಬೊಬ್ಬರ ಕಂಕುಳಲ್ಲೂ ಬಟ್ಟೆ ಸುತ್ತಿದ ಒಂದೊಂದು ಕವಚ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತಗ್ಗನ್ನು ಹುಣ್ಣಿಮೆಯೊಳಗೆ ಮುಚ್ಚಿಸಬೇಕಿತ್ತು.

"ಒಣಗೋಕೆ ಹೊತ್ತು ಬೇಕು ಸ್ವಾಮಿ, ಇದು ಮೆರುಗೆಣ್ಣೆ ಮರದ ಹಾಲು," ಅಂತ ಯಾಸೊಕಿಚಿ ಗೋಗರೆದ.

"ಬಳಿಯೋ ಮಾರಾಯ, ಬಳಿ! ಒಣಗೋದನ್ನ ನಾವು ನೋಡ್ಕೋತೀವಿ!"

ನೋಡಿಕೊಂಡರು. ಒಣಗಿತೋ ಇಲ್ಲವೋ ಅಂತ ಗಳಿಗೆಗೊಮ್ಮೆ ಹೆಬ್ಬೆರಳಲ್ಲಿ ಒತ್ತಿ ನೋಡಿದರು, ಅದೇ ಬೆರಳಲ್ಲಿ ಮೂಗು ಒರೆಸಿಕೊಂಡರು, ಅದೇ ಕೈಯಲ್ಲಿ ತುಟಿ ಸವರಿಕೊಂಡರು. ಆ ಮರದ ಹಸಿ ಹಾಲು ಸೋಕಿದರೆ ಚೇರಿನ ಎಣ್ಣೆ ತಗುಲಿದಂತೆಯೇ, ಮೈ ಊದಿ ತುರಿಸುತ್ತದೆ. ಹುಣ್ಣಿಮೆ ಸಮೀಪಿಸುವಾಗ ಬೀದಿಯಲ್ಲಿ ಕಣ್ಣು ಬಿಟ್ಟ ಗಂಡಸು ಕಾಣುವುದೇ ಕಷ್ಟವಾಯಿತು. ಅದಕ್ಕೆ ನನ್ನ ಮದ್ದು ಹೊಳೆ ಏಡಿ ಜಜ್ಜಿದ ರಸ. ಆ ವಾರ ನಮ್ಮ ಹೊಳೆಯ ಏಡಿಗಳಿಗೆ ಬಂದ ಗತಿ ಯಾವ ಶತ್ರುಸೈನ್ಯಕ್ಕೂ ನಮ್ಮವರಿಂದ ಬಂದಿರಲಿಕ್ಕಿಲ್ಲ.

ಮಿಕುರಿಯಾ ಮಾತ್ರ ಸಾಲಿನಲ್ಲಿರಲಿಲ್ಲ. ಭುಜದ ಹಲಗೆಯ ಭಾರಕ್ಕೆ ಕತ್ತು ಹಿಡಿದುಕೊಂಡು ಮಲಗಿದ್ದ. ಒಸೆಕಿ ಕವಚದಿಂದ ತನ್ನ ರೇಷ್ಮೆಯನ್ನೆಲ್ಲ ಎಳೆ ಎಳೆಯಾಗಿ ಬಿಚ್ಚಿಕೊಂಡಳು. ಹಲಗೆ, ಪೆಟ್ಟಿಗೆ, ತೊಗಲು ತಾವಾಗಿ ಉದುರಿ ಅಜ್ಜನ ಕಬ್ಬಿಣದ ಎದೆಗಟ್ಟು ಉಳಿಯಿತು.

"ಇದನ್ನೂ ಮುಚ್ಚಿಸಿಬಿಡೇ, ನಿನ್ನ ದಮ್ಮಯ್ಯ," ಅಂತ ಅವನು ಹಾಸಿಗೆಯಿಂದಲೇ ನರಳಿದ.

"ಮುಚ್ಚಿಸೋದಾದ್ರೆ ಮೊದಲು ಬಾಯಿ ಮುಚ್ಚಿಸ್ತೀನಿ. ಆ ಯಾಸೊಕಿಚಿ ಈ ಹೊಸ್ತಿಲು ತುಳಿದ್ರೆ ಅವನ ಬಾಣಲೇಲೇ ಅವನ್ನ ಹುರೀತೀನಿ."

ಹುಣ್ಣಿಮೆಯ ಬೆಳಿಗ್ಗೆ ದಂಡೆಯಲ್ಲಿ ಕವಚಗಳು ಮೊಟ್ಟೆಯಂತೆ ನುಣ್ಣಗೆ ಹೊಳೆದವು. ಅವುಗಳ ಮೇಲಿನ ಮುಖಗಳು ಮಾತ್ರ ಆವಿಯಲ್ಲಿ ಬೆಂದ ಕಡುಬಿನಂತೆ ಉಬ್ಬಿದ್ದವು. ಗುರುತಿದ್ದವರ ಜಾಗದಲ್ಲಿ, ಕತ್ತು ಒಂದು ಕಡೆ ವಾಲಿಸಿಕೊಂಡು, ಮಿಕುರಿಯಾ ಒಬ್ಬನೇ ನಿಂತಿದ್ದ. ಪ್ರಭುಗಳು ಸಾಲಿನುದ್ದಕ್ಕೂ ನಡೆದು ಇರಿಯಾಮಾ ಅವರ ಮುಂದೆ ನಿಂತರು.

"ನಿಮ್ಮ ರಣರಂಗದ ಗುರುತೆಲ್ಲಿ?"

ಊದಿದ ತುಟಿಗಳ ನಡುವಿನಿಂದ ಇರಿಯಾಮಾ ಉತ್ತರವನ್ನು ಕಷ್ಟಪಟ್ಟು ಹೊರದಬ್ಬಿದರು. "ನಮ್ಮ ಮನೆತನದೋರು ಗುಂಡು ತಗಲೋವಷ್ಟು ನಿಧಾನಸ್ಥರಲ್ಲ, ಪ್ರಭು."

"ನಮ್ಮೋರೂ ಅಲ್ಲ," ಅಂದ ಹಾಜಾಮಾ, ಕವಚದೊಳಗೆ ಕೈತೂರಿಸಿ ಕೆರೆದುಕೊಳ್ಳುತ್ತಾ.

ಪ್ರಭುಗಳು ಮಿಕುರಿಯಾನ ಬಳಿ ಬಂದರು. ತಗ್ಗಿನ ಮೇಲೆ ಬೆರಳಿಟ್ಟರು. "ಹೇಳು. ಇದು ಯುದ್ಧದ್ದೋ ಅಂಗಡೀದೋ?"

ಮಿಕುರಿಯಾ ಹಗ್ಗದಾಚೆ ನಿಂತ ಹೆಂಡತಿಯನ್ನು ನೋಡಿದ. ಕೋವಿಯನ್ನು ನೋಡಿದ. ಹುಟ್ಟಿದಾಗಿನಿಂದ ಇಷ್ಟು ತೀಕ್ಷ್ಣವಾಗಿ ಅವನು ಯೋಚಿಸಿದ್ದೇ ಇಲ್ಲ.

"ನಾನಾಗ ಇರಲಿಲ್ಲ ಪ್ರಭು," ಅಂದ.

ಪ್ರಭುಗಳು ಎಷ್ಟು ನಕ್ಕರೆಂದರೆ ಬೀಸಣಿಗೆ ಕೈಯಿಂದ ಬಿತ್ತು. "ಈ ಸೀಮೆಯಲ್ಲಿ ನಾನು ಕೇಳಿದ ಮೊದಲನೇ ನಿಜ ಇದು," ಅಂದು, ಕೋವಿಯವರನ್ನು ಮನೆಗೆ ಕಳಿಸಿದರು. ಆಮೇಲೆ ಎಲ್ಲರಿಗೂ ಕೇಳುವಂತೆ ಅಪ್ಪಣೆ ಮಾಡಿದರು: ಇಡೀ ಸವಾಕಿಯಲ್ಲಿ ಗುಂಡಿನ ಗುರುತುಳ್ಳ ಮನೆತನ ಇನ್ನು ಮೇಲೆ ಮಿಕುರಿಯಾ ಮನೆತನವೊಂದೇ. ಮುಂದೆ ಯಾವಾಗ ಯುದ್ಧ ಬಂದರೂ ಸೈನ್ಯದ ಮುಂಚೂಣಿಯಲ್ಲಿ, ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಿಲ್ಲುವ ಗೌರವ ಅವನದೇ, ಅವನ ನಂತರ ಅವನ ಮಕ್ಕಳದು.

ಬೀದಿಯವರೆಲ್ಲ ಬಂದು ಅಭಿನಂದಿಸಿದರು. ಅವರಲ್ಲಿ ಯಾರ ತುರಿಕೆ ಮೆರುಗೆಣ್ಣೆಯದು, ಯಾರದು ಹೊಟ್ಟೆಕಿಚ್ಚಿನದು ಅಂತ ವೈದ್ಯನಾದ ನನಗೂ ಹೇಳಲಾಗಲಿಲ್ಲ.

ಈಗ ಮಿಕುರಿಯಾ ಉಪ್ಪಿನ ಉಗ್ರಾಣಕ್ಕೆ ಹೋಗುವ ಮುಂಚೆ ದಿನಾ ಬೆಳಿಗ್ಗೆ ಯುದ್ಧದೇವರ ಗುಡಿಗೆ ಹೋಗುತ್ತಾನೆ. ಇನ್ನೂರು ವರ್ಷದಿಂದ ಎಲ್ಲರೂ ಆ ದೇವರಲ್ಲಿ ಗೆಲುವು ಕೇಳುತ್ತಾ ಬಂದಿದ್ದಾರೆ. ಇವನೊಬ್ಬ ಮಾತ್ರ ಹಣೆ ನೆಲಕ್ಕೆ ಹಚ್ಚಿ, ಯಾವ ಸೀಮೆಯ ಪ್ರಭುವಿಗೂ ಯಾವ ಕಾರಣಕ್ಕೂ ಕೋಪ ಬರದಿರಲಿ ಅಂತ ಕಣ್ಣೀರು ಸುರಿಸಿ ಬೇಡಿಕೊಳ್ಳುತ್ತಾನೆ. ದೇವರಿಗೆ ಕೆಲಸವೇ ತಪ್ಪಿಹೋದೀತೆಂದು ಅರ್ಚಕರಿಗೆ ಚಿಂತೆ.

ಮೊನ್ನೆ ನಾನು ಬೇರು ಅಗೆಯಲು ಆ ಕಡೆ ಹೋದಾಗ ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದರು. ಅವನದು ಮುಗಿಯುವವರೆಗೆ ಕಾದು, ಒಸೆಕಿ ಮುಂದೆ ಬಂದು ಎರಡು ಸಲ ಚಪ್ಪಾಳೆ ತಟ್ಟಿ ದೇವರನ್ನು ಎಬ್ಬಿಸಿದಳು.

"ಸ್ವಾಮಿ, ಇವರ ಬಾಯೊಂದನ್ನ ನೀನು ನೋಡ್ಕೋ," ಅಂದಳು. "ಶತ್ರುಗಳು ಬಂದ್ರೆ ನಾನು ನೋಡ್ಕೋತೀನಿ."